ಗ್ಲುಟೆನ್ ಬಿಡಬೇಕಾದ ಮನೆಯಲ್ಲಿ ದುಡ್ಡು ಎಲ್ಲಿ ಸೋರುತ್ತದೆ?

ಪ್ರಶ್ನೆ: ಹನ್ನೊಂದು ವರ್ಷದ ಮಗಳಿಗೆ ಸೀಲಿಯಾಕ್ (ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ) ಕಾಯಿಲೆ ಇದೆಯೆಂದು ರಕ್ತಪರೀಕ್ಷೆ, ಬಯಾಪ್ಸಿ ಎರಡರಲ್ಲೂ ಖಚಿತವಾಗಿದೆ. ಅಂದಿನಿಂದ 'ಗ್ಲುಟೆನ್ ಫ್ರೀ' ಎಂದು ಬರೆದ ಬ್ರೆಡ್, ಬಿಸ್ಕತ್ತು, ಪಾಸ್ತಾ, ಹಿಟ್ಟುಗಳನ್ನೇ ತರುತ್ತಿದ್ದೇವೆ. ದಿನಸಿಯ ಖರ್ಚು ಕೈಮೀರಿದೆ. ಹಾಲು ಕುಡಿದರೆ ಅವಳಿಗೆ ಹೊಟ್ಟೆ ಉಬ್ಬರ, ಹಾಗಾಗಿ ಬಾದಾಮಿ ಹಾಲೂ ಬರುತ್ತಿದೆ. ಗೋಧಿ ತಿಂದರೆ ನನಗೂ ಹೊಟ್ಟೆ ಭಾರ. ಮುಂದಿನ ತಿಂಗಳಿಂದ ನಾನೂ ಬಿಡೋಣ ಎಂದಿದ್ದೇನೆ. ನಾಲ್ಕು ಜನರ ಮನೆ. ಪಾತ್ರೆಗಳನ್ನೆಲ್ಲ ಬದಲಿಸಬೇಕೆ? ಖರ್ಚು ಇಳಿಸುವುದು ಹೇಗೆ?

ಉತ್ತರ: ಮೊದಲು ನಿಮ್ಮ ವಿಷಯ. ನೀವು ಇನ್ನೂ ಗೋಧಿ ಬಿಟ್ಟಿಲ್ಲ ಎಂದಾದರೆ ಸದ್ಯಕ್ಕೆ ಬಿಡಬೇಡಿ. ಸೀಲಿಯಾಕ್ ಇರುವವರ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದೇ ಕಾಯಿಲೆ ಇರುವ ಸಾಧ್ಯತೆ ಇರುತ್ತದೆ. ಜನಸಾಮಾನ್ಯರಲ್ಲಿ ಅದು ನೂರಕ್ಕೆ ಒಬ್ಬರು. ಆದ್ದರಿಂದ ಮನೆಯ ಉಳಿದ ಮೂವರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಕೇಳಬೇಕಾದ ಪರೀಕ್ಷೆ ಟಿಟಿಜಿ-ಐಜಿಎ, ಅದರ ಜೊತೆಗೆ ಒಟ್ಟು ಐಜಿಎ (ಐಜಿಎ ಎಂದರೆ ದೇಹ ತಯಾರಿಸುವ ಒಂದು ಬಗೆಯ ಪ್ರತಿಕಾಯ). ಸೀಲಿಯಾಕ್ ಇರುವವರಲ್ಲೇ ನೂರಕ್ಕೆ ಎರಡು ಮೂರು ಜನರಲ್ಲಿ ಐಜಿಎ ತಯಾರಾಗುವುದೇ ಇಲ್ಲ. ಅಂಥವರಿಗೆ ಮೊದಲನೆಯದನ್ನಷ್ಟೇ ಮಾಡಿದರೆ ಕಾಯಿಲೆ ಇದ್ದೂ ಇಲ್ಲವೆಂಬ ಫಲಿತಾಂಶ ಬರುತ್ತದೆ.

ಈ ಪರೀಕ್ಷೆ ಹಿಡಿಯುವುದು ಗ್ಲುಟೆನ್‌ಗೆ ಎದುರಾಗಿ ದೇಹ ನಡೆಸುತ್ತಿರುವ ಜಗಳದ ಗುರುತನ್ನು. ಗ್ಲುಟೆನ್ ಹೋಗಿ ಕೆಲವು ತಿಂಗಳಾದರೆ ಗುರುತೂ ಮಾಸುತ್ತದೆ. ಪರೀಕ್ಷೆಗೆ ಮುಂಚೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ ಇರಬೇಕು. ಮೊದಲೇ ಬಿಟ್ಟುಬಿಟ್ಟರೆ ಮುಂದೆ ಸಂಶಯ ಬಂದಾಗ, ಹೊಟ್ಟೆ ಕೆಡುತ್ತದೆ ಎಂದು ಗೊತ್ತಿದ್ದೂ ವಾರಗಟ್ಟಲೆ ಗೋಧಿ ತಿಂದು ಪರೀಕ್ಷೆಗೆ ಹೋಗಬೇಕಾಗುತ್ತದೆ. ಅದನ್ನು ಬಯಸುವವರು ಯಾರೂ ಇಲ್ಲ. ಹೀಗಾಗಿ ಎಷ್ಟೋ ಜನ ಕಾಯಿಲೆ ಇದೆಯೋ ಇಲ್ಲವೋ ತಿಳಿಯದೆಯೇ ವರ್ಷಗಟ್ಟಲೆ ದುಬಾರಿ ಪೊಟ್ಟಣ ಕೊಳ್ಳುತ್ತಿರುತ್ತಾರೆ.

ನಿಮ್ಮ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಎಂದಿಟ್ಟುಕೊಳ್ಳಿ. ಆಗ ಹೊಟ್ಟೆ ಭಾರಕ್ಕೆ ಗ್ಲುಟೆನ್ ಕಾರಣವಲ್ಲದೇ ಇರಬಹುದು. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿ ಇದೆ. ಅದು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಹುದುಗುತ್ತದೆ, ಗಾಳಿ ತುಂಬುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದೇ ವಸ್ತುವಿದೆ. ಗೋಧಿ ಬಿಟ್ಟ ಮೇಲೂ ಈರುಳ್ಳಿ ಹೆಚ್ಚಾದ ದಿನ ಹೊಟ್ಟೆ ಉಬ್ಬುತ್ತದೆಯೇ ನೋಡಿ. ಇದಕ್ಕೆ ಮದ್ದು ಪ್ರಮಾಣ ಇಳಿಸುವುದು: 2ರಿಂದ 6 ವಾರ ಈ ಪದಾರ್ಥಗಳನ್ನು ನಿಲ್ಲಿಸಿ, ಆಮೇಲೆ ಒಂದೊಂದನ್ನೇ, ಮೂರು ದಿನ ಪ್ರಮಾಣ ಏರಿಸುತ್ತಾ ಮತ್ತೆ ತಿಂದು ನೋಡುವುದು. ಇಂಥವರಿಗೆ 'ಗ್ಲುಟೆನ್ ಫ್ರೀ' ಮುದ್ರೆಯ ಅಗತ್ಯವಿಲ್ಲ, ಚೂರುಪಾರು ಗೋಧಿಯ ಭಯವೂ ಬೇಡ. ಸೋಯಾ ಸಾಸಿನಲ್ಲಿರುವ ಗೋಧಿಗೆ ಹೆದರುವ ಕಾರಣವೇ ಇಲ್ಲ. ಇನ್ನೊಂದು ಮಾತು, ಐಜಿಜಿ (ಇನ್ನೊಂದು ಬಗೆಯ ಪ್ರತಿಕಾಯ) ಪರೀಕ್ಷೆಯೆಂದು ನೂರಾರು ಆಹಾರಗಳ ಪಟ್ಟಿ ಕೊಟ್ಟು 'ಇವು ನಿಮಗೆ ಆಗುವುದಿಲ್ಲ' ಎನ್ನುವ ಪ್ಯಾಕೇಜುಗಳಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಐಜಿಜಿ ಹೇಳುವುದು ನೀವು ಆ ಆಹಾರ ತಿಂದಿದ್ದೀರಿ ಎಂಬುದನ್ನು ಮಾತ್ರ. ಅಲರ್ಜಿ ತಜ್ಞರ ಸಂಘಗಳು ಆ ಪರೀಕ್ಷೆಯನ್ನು ಒಪ್ಪುವುದಿಲ್ಲ.

ಇನ್ನು ಮಗಳ ಊಟ. ಅವಳ ವಿಷಯದಲ್ಲಿ ರಿಯಾಯಿತಿ ಇಲ್ಲ, ಜೀವನಪೂರ್ತಿ ಕಟ್ಟುನಿಟ್ಟು. ಆದರೆ ಕಟ್ಟುನಿಟ್ಟಿಗೂ ದುಬಾರಿಗೂ ಸಂಬಂಧವಿಲ್ಲ. ನಿಮ್ಮ ಖರ್ಚು ಏರಿರುವುದು ಗೋಧಿ ಬಿಟ್ಟಿದ್ದರಿಂದಲ್ಲ, ಗೋಧಿಯ ತಿಂಡಿಗಳ ನಕಲನ್ನು ಕೊಳ್ಳುತ್ತಿರುವುದರಿಂದ. 2008ರಲ್ಲಿ ಪ್ರಕಟವಾದ ಕೆನಡಾದ ಒಂದು ಹೋಲಿಕೆಯಲ್ಲಿ ಗ್ಲುಟೆನ್ ರಹಿತ ಪೊಟ್ಟಣಗಳ ಬೆಲೆ ಸಾಮಾನ್ಯ ಪೊಟ್ಟಣಗಳಿಗಿಂತ ಸರಾಸರಿ 242% ಹೆಚ್ಚಿತ್ತು, ಅಂದರೆ ಹತ್ತಿರ ಹತ್ತಿರ ಮೂರೂವರೆ ಪಟ್ಟು. ಪ್ರತ್ಯೇಕ ಯಂತ್ರ, ಪ್ರತಿ ಕಂತಿನ ಪರೀಕ್ಷೆ, ಸಣ್ಣ ಉತ್ಪಾದನೆ, ಇವಕ್ಕೆಲ್ಲ ಕೊಡುವ ದುಡ್ಡು ಅದು. ಒಳಗಿರುವುದು ಹೆಚ್ಚಿನ ಪಾಲು ಅಕ್ಕಿ ಹಿಟ್ಟು, ಪಿಷ್ಟ, ಸಕ್ಕರೆ, ಕೊಬ್ಬು; ನಾರು, ಪ್ರೋಟೀನ್, ಕಬ್ಬಿಣ ಕಡಿಮೆ.

ತಟ್ಟೆಯ ಬುಡ ಇವುಗಳಿಂದ ತುಂಬಲಿ: ಅಕ್ಕಿ, ಜೋಳ, ಮೆಕ್ಕೆಜೋಳ, ರಾಗಿ, ನವಣೆ, ಸಜ್ಜೆ, ಬಕ್‌ವೀಟ್ (ಹೆಸರಿನಲ್ಲಿ ವೀಟ್ ಇದ್ದರೂ ಗೋಧಿಯ ಕುಲವಲ್ಲ), ಆಲೂಗಡ್ಡೆ, ಗೆಣಸು, ಮರಗೆಣಸು. ಪಕ್ಕಕ್ಕೆ ಬೇಳೆಕಾಳು, ಕಡಲೆಕಾಯಿ, ಮೊಟ್ಟೆ, ಮೀನು, ಮಾಂಸ, ತರಕಾರಿ, ಹಣ್ಣು. ಇವ್ಯಾವುದರಲ್ಲೂ ಹುಟ್ಟಿನಿಂದ ಗ್ಲುಟೆನ್ ಇಲ್ಲ. ಇಡೀ ಅಕ್ಕಿ, ಆಲೂಗಡ್ಡೆ, ಮೊಟ್ಟೆ, ಎಣ್ಣೆ, ಸಕ್ಕರೆ, ಉಪ್ಪಿನ ಮೇಲೆ 'ಗ್ಲುಟೆನ್ ಫ್ರೀ' ಎಂದು ಬರೆದು ಹೆಚ್ಚು ಬೆಲೆ ಕೇಳಿದರೆ ಕೊಡಬೇಡಿ.

ಆದರೆ ಹಿಟ್ಟು ಬೇರೆ ಮಾತು. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ, ಏಕೆಂದರೆ ಉಳಿತಾಯವೂ ಅಪಾಯವೂ ಒಂದೇ ಕಡೆ ಕೂತಿವೆ.

ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ 'ಗ್ಲುಟೆನ್ ಫ್ರೀ' ಎನ್ನಲು ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ದಿನಕ್ಕೆ 10 ಮಿಲಿಗ್ರಾಂವರೆಗಿನ ಗ್ಲುಟೆನ್ ಬಹುತೇಕ ರೋಗಿಗಳ ಕರುಳಿಗೆ ಹಾನಿ ಮಾಡುವುದಿಲ್ಲ. ದಿನಕ್ಕೆ 50 ಮಿಲಿಗ್ರಾಂ ಮೂರು ತಿಂಗಳು ಹೋದರೆ ಹಾನಿ ಕಾಣಿಸಿಕೊಂಡಿದೆ. ಗೋಧಿ ಬ್ರೆಡ್ಡಿನ ಒಂದು ಹೋಳಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ, ಆ 10 ಮಿಲಿಗ್ರಾಂ ಎಂದರೆ ಆ ಹೋಳಿನ ಇನ್ನೂರನೇ ಒಂದು ಪಾಲು. ಈಗ ಕಾಳಿಗೆ ಬನ್ನಿ. ಒಂದು ಗೋಧಿ ಕಾಳು ಸುಮಾರು 40 ಮಿಲಿಗ್ರಾಂ ತೂಗುತ್ತದೆ, ಅದರ ಹತ್ತನೇ ಒಂದು ಭಾಗ ಗ್ಲುಟೆನ್ ಎಂದು ಹಿಡಿದರೆ 4 ಮಿಲಿಗ್ರಾಂ. ಒಂದು ಕಿಲೋ ಜೋಳದಲ್ಲಿ ಐದು ಗೋಧಿ ಕಾಳು ಬೆರೆತಿದ್ದರೆ ಮಿತಿ ಮುಟ್ಟಿತು. ಹೊಲದಲ್ಲಿ, ಕಣದಲ್ಲಿ, ಚೀಲದಲ್ಲಿ, ಲಾರಿಯಲ್ಲಿ ಐದು ಕಾಳು ಬೆರೆಯುವುದು ಏನೂ ದೊಡ್ಡದಲ್ಲ. ಹುಟ್ಟಿನಿಂದ ಗ್ಲುಟೆನ್ ಇಲ್ಲದ, ಆದರೆ ಮುದ್ರೆಯೂ ಇಲ್ಲದ 22 ಧಾನ್ಯ ಮತ್ತು ಹಿಟ್ಟುಗಳನ್ನು 2010ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದಾಗ 7ರಲ್ಲಿ ಮಿತಿ ಮೀರಿದ ಗ್ಲುಟೆನ್ ಸಿಕ್ಕಿತ್ತು.

ಕಾಳಾಗಿರುವಾಗ ಈ ಬೆರಕೆ ಕಣ್ಣಿಗೆ ಕಾಣುತ್ತದೆ, ಆರಿಸಬಹುದು. ಹಿಟ್ಟಾದ ಮೇಲೆ ಏನೂ ಮಾಡಲಾಗದು. ಅದಕ್ಕೇ ನನ್ನ ಸಲಹೆ: ಹಿಟ್ಟು ಕೊಳ್ಳಬೇಡಿ, ಇಡೀ ಕಾಳು ಕೊಳ್ಳಿ. ಮುದ್ರೆಯಿರುವ ಹಿಟ್ಟಿಗಿಂತ ಅದು ಯಾವತ್ತೂ ಅಗ್ಗ, ಮುದ್ರೆಯಿಲ್ಲದ ಹಿಟ್ಟಿಗಿಂತ ಯಾವತ್ತೂ ಸುರಕ್ಷಿತ.

ಕ್ರಮ ಹೀಗೆ. ರಾಗಿಯಂಥ ಸಣ್ಣ ಕಾಳಾದರೆ ಸುಮಾರು 2 ಮಿಲಿಮೀಟರ್ ತೂತಿನ ಜರಡಿ ಹಿಡಿಯಿರಿ. ಗೋಧಿ ಕಾಳು 6 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ದಪ್ಪ. ಅದು ಜರಡಿಯ ಮೇಲೇ ಉಳಿಯುತ್ತದೆ, ರಾಗಿ ಕೆಳಗೆ ಬೀಳುತ್ತದೆ. ನವಣೆ ಇಳಿಯದಿದ್ದರೆ ತೂತು ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಲಿ, 3 ಮಿಲಿಮೀಟರ್ ಮುಟ್ಟಬಾರದು. ಜರಡಿಯನ್ನು ಅಡ್ಡಡ್ಡ ಅಲ್ಲಾಡಿಸಿ. ಕುಕ್ಕಿದರೆ ಸಣಕಲು ಗೋಧಿ ನೆಟ್ಟಗೆ ನಿಂತು ತೂರಿಹೋಗುತ್ತದೆ. ಅಕ್ಕಿ, ಜೋಳ, ಬೇಳೆಕಾಳು ಗೋಧಿಯಷ್ಟೇ ಗಾತ್ರದವು, ಜರಡಿ ಕೆಲಸ ಮಾಡದು. ಅವನ್ನು ಬೆಳಕಿರುವ ಕಡೆ, ಬಣ್ಣದಲ್ಲಿ ಎದ್ದು ಕಾಣುವ ಅಗಲ ತಟ್ಟೆಯಲ್ಲಿ, ಸಲಕ್ಕೆ ಒಂದು ಲೋಟದಷ್ಟೇ, ಒಂದರ ಮೇಲೊಂದು ಕೂರದಂತೆ ಹರವಿ ಆರಿಸಿ. ಹುಡುಕಬೇಕಾದ ಗುರುತು ಹೊಟ್ಟೆಯ ಮೇಲಿನ ಉದ್ದ ಗೆರೆ. ಗೋಧಿಗೂ ಬಾರ್ಲಿಗೂ ಅದು ಇದೆ, ಅಕ್ಕಿಗೂ ಜೋಳಕ್ಕೂ ಇಲ್ಲ. ಬಾರ್ಲಿಯ ಎರಡೂ ತುದಿ ಚೂಪು. ಬೇಳೆಕಾಳು ಶುದ್ಧವೇ ಇರುತ್ತದೆ ಎಂದು ನಂಬಬೇಡಿ. ಮಸೂರವನ್ನು ಗೋಧಿ, ಬಾರ್ಲಿಯೊಂದಿಗೆ ಸರದಿಯಲ್ಲಿ ಬೆಳೆಯುವುದರಿಂದ ಅದರಲ್ಲಿ ಬೆರಕೆ ಸಿಗುವುದು ಸಾಮಾನ್ಯ.

ಆರಿಸಿದ ಮೇಲೆ ಮೂರು ನೀರಿನಲ್ಲಿ ತೊಳೆಯಿರಿ. ಚೀಲದಲ್ಲಿ ಅಂಟಿದ ಗೋಧಿ ಧೂಳು ಅದರಲ್ಲಿ ಹೋಗುತ್ತದೆ. ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಪೂರ್ತಿ ಒಣಗಿಸಿ. ಒದ್ದೆಯಿದ್ದರೆ ಹಿಟ್ಟು ಬೇಗ ಹುಳಿತು ಬೂಸಲು ಬರುತ್ತದೆ. ಬೀಸುವುದು ಮನೆಯ ಯಂತ್ರದಲ್ಲೇ ಆಗಲಿ. ಗೋಧಿಯನ್ನೂ ಬೀಸುವ ಗಿರಣಿಯಲ್ಲಿ ಕಲ್ಲುಗಳ ನಡುವೆ, ಕೊಳವೆಯಲ್ಲಿ, ಹಿಟ್ಟು ಬೀಳುವ ಚೀಲದಲ್ಲಿ ಹಿಂದಿನವರ ಗೋಧಿ ಹಿಟ್ಟು ಕೂತಿರುತ್ತದೆ. 'ಮೊದಲು ಸ್ವಲ್ಪ ನಿಮ್ಮದನ್ನೇ ಹಾಕಿ ತೆಗೆದುಬಿಡುತ್ತೇನೆ' ಎಂದು ಗಿರಣಿಯವರು ಹೇಳಿದರೂ ಒಪ್ಪಬೇಡಿ, ಕಿಲೋಗೆ 20 ಮಿಲಿಗ್ರಾಂ ಎಂಬ ಲೆಕ್ಕಕ್ಕೆ ಅದು ಸಾಲದು. ಮಿಕ್ಸಿಯಲ್ಲಿ ಸಲಕ್ಕೆ 200 ಗ್ರಾಂ ಹಾಕಿ, ಒಂದೊಂದು ನಿಮಿಷ ಓಡಿಸಿ ನಿಲ್ಲಿಸಿ; ಹೆಚ್ಚು ಹೊತ್ತು ಓಡಿಸಿದರೆ ಬಿಸಿಯಾಗಿ ಹಿಟ್ಟಿನ ರುಚಿ ಕೆಡುತ್ತದೆ. ಜರಡಿ ಹಿಡಿದು ಉಳಿದ ತರಿಯನ್ನು ಮುಂದಿನ ಕಂತಿಗೆ ಸೇರಿಸಿ. ನಾಲ್ಕು ಜನರ ಮನೆಗೆ ಗಟ್ಟಿಯಾದ ಮಿಕ್ಸಿ ಸಾಕು. ತಿಂಗಳಿಗೆ ಹತ್ತು ಕಿಲೋಗಿಂತ ಹೆಚ್ಚು ಹಿಟ್ಟು ಬೇಕಾದರಷ್ಟೇ ಮನೆಬಳಕೆಯ ಹಿಟ್ಟಿನ ಯಂತ್ರದ ಬಗ್ಗೆ ಯೋಚಿಸಿ. ಒಮ್ಮೆಗೆ ವಾರಕ್ಕಾಗುವಷ್ಟು ಮಾತ್ರ ಬೀಸಿ. ಸಜ್ಜೆಯ ಹಿಟ್ಟು ಅದರ ಕೊಬ್ಬಿನಿಂದಾಗಿ ಒಂದೆರಡು ವಾರದಲ್ಲೇ ಕಹಿಯಾಗುತ್ತದೆ; ಉಳಿದರೆ ಫ್ರೀಜರಿಗೆ ಹಾಕಿ.

ಓಟ್ಸ್‌ಗೆ ಈ ದಾರಿ ನಡೆಯುವುದಿಲ್ಲ. ಗೋಧಿ, ಬಾರ್ಲಿಯ ಬೆರಕೆ ಅದರಲ್ಲಿ ಬಹಳ, ಅಂಗಡಿಗೆ ಬರುವಾಗಲೇ ಅದು ಚಪ್ಪಟೆಯಾಗಿರುತ್ತದೆ. ಮುದ್ರೆಯಿರುವ ಓಟ್ಸ್ ಮಾತ್ರ ತರಬಹುದು, ಅದೂ ಮಗಳ ಲಕ್ಷಣಗಳು ಅಡಗಿ, ರಕ್ತದ ಅಂಕಿ ಇಳಿದ ಮೇಲೆ, ವೈದ್ಯರಿಗೆ ಹೇಳಿ. ಮಕ್ಕಳಿಗೆ ದಿನಕ್ಕೆ 20ರಿಂದ 25 ಗ್ರಾಂ ಮೀರದಿರಲಿ. ಕೆಲವರ ದೇಹ ಶುದ್ಧ ಓಟ್ಸ್‌ನ ಪ್ರೋಟೀನಿಗೂ ತಿರುಗಿಬೀಳುತ್ತದೆ. ಅಷ್ಟಕ್ಕೂ ಬೇರೆ ಧಾನ್ಯಗಳಿರುವಾಗ ಓಟ್ಸ್ ಬೇಕೇಬೇಕು ಎಂದೇನಿಲ್ಲ.

ಈಗ ಬ್ರೆಡ್. ಹನ್ನೊಂದು ವರ್ಷದ ಹುಡುಗಿಗೆ ಬ್ರೆಡ್ ತಿನ್ನಬೇಡ ಎನ್ನುವುದು ಸುಲಭವಲ್ಲ, ನಿಮ್ಮ ಖರ್ಚಿನ ದೊಡ್ಡ ಪಾಲೂ ಬಹುಶಃ ಅದೇ. ದಿನದ ಮಾತಿಗೆ ಮೊದಲು ರೊಟ್ಟಿ ಕಲಿಯಿರಿ. ಗ್ಲುಟೆನ್ ಮಾಡುತ್ತಿದ್ದ ಕೆಲಸ ಹಿಟ್ಟನ್ನು ಹಿಡಿದಿಡುವುದು. ಕುದಿನೀರು ಬಿದ್ದಾಗ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆ ಅಂಟು ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. 200 ಮಿಲಿ ನೀರನ್ನು ಅರ್ಧ ಚಮಚ ಉಪ್ಪಿನೊಂದಿಗೆ ಕುದಿಸಿ, ಕುದಿಯುತ್ತಿರುವಾಗಲೇ 200 ಗ್ರಾಂ ಜೋಳದ ಅಥವಾ ಅಕ್ಕಿ ಹಿಟ್ಟು ಸುರಿದು ಕಲಕಿ, ಒಲೆ ಆರಿಸಿ, 10 ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಬಿಸಿಯಿರುವಾಗಲೇ ಚೆನ್ನಾಗಿ ನಾದಿ. ಅಂಚು ಬಿರಿಯುತ್ತಿದ್ದರೆ ನೀರು ಕುದಿದಿರಲಿಲ್ಲ, ಇಲ್ಲವೇ ಹಿಟ್ಟು ಹಳತು, ಇಲ್ಲವೇ ನೀರು ಕಡಿಮೆ. ಒಂದೆರಡು ಚಮಚ ಬಿಸಿನೀರು ಚಿಮುಕಿಸಿ ಮತ್ತೆ ನಾದಿ ನೋಡಿ. ಆಗಲೂ ಬಿರಿದರೆ ದೋಷ ಹಿಟ್ಟಿನದು.

ಉಬ್ಬಿದ ಬ್ರೆಡ್ಡೇ ಬೇಕಾದಾಗ ಅಂಟಿನ ಕೆಲಸಕ್ಕೆ ಇಸಬ್‌ಗೋಲ್ ಹೊಟ್ಟು ಬರಲಿ. ಕ್ಸ್ಯಾಂಥನ್ ಗಮ್ ಎಂಬ ಅಂಟುಪುಡಿ ಕೇಕಿಗೆ, ಬಿಸ್ಕತ್ತಿಗೆ ಸಾಕು, ಆದರೆ ಯೀಸ್ಟಿನ ಗಾಳಿಯನ್ನು ಹಿಡಿದಿಡುವುದರಲ್ಲಿ ಇಸಬ್‌ಗೋಲೇ ಮೇಲು. ಔಷಧಿಯ ಹೆಸರಲ್ಲಿ ಬರುವ ಕಿತ್ತಳೆ ರುಚಿಯ, ಸಕ್ಕರೆ ಬೆರೆಸಿದ ಪುಡಿ ಬೇಡ. ಬರೀ ಹೊಟ್ಟು ತನ್ನಿ. ಒಂದು ದೊಡ್ಡ ಬ್ರೆಡ್ಡಿಗೆ ನುಣ್ಣನೆಯ ಅಕ್ಕಿ ಹಿಟ್ಟು 200 ಗ್ರಾಂ, ಜೋಳದ ಅಥವಾ ರಾಗಿ ಹಿಟ್ಟು 100 ಗ್ರಾಂ, ಮರಗೆಣಸಿನ ಅಥವಾ ಆಲೂಗಡ್ಡೆಯ ಪಿಷ್ಟ 140 ಗ್ರಾಂ, ಇಸಬ್‌ಗೋಲ್ ಹೊಟ್ಟು 20 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಸಕ್ಕರೆ 10 ಗ್ರಾಂ, ಉಪ್ಪು 8 ಗ್ರಾಂ, ಎಣ್ಣೆ 20 ಗ್ರಾಂ, ಉಗುರುಬೆಚ್ಚನೆ ನೀರು 400 ಮಿಲಿ. ಲೋಟದ ಅಳತೆ ಬೇಡ, ತೂಕ ಮಾಡಿ. ಅಕ್ಕಿ ಹಿಟ್ಟು ಎಷ್ಟು ನುಣ್ಣಗಿದೆ ಎನ್ನುವುದರ ಮೇಲೆ ಒಂದು ಲೋಟದ ತೂಕವೇ ಬದಲಾಗುತ್ತದೆ.

ಮೊದಲು ಹೊಟ್ಟನ್ನು ನೀರಿಗೆ ಹಾಕಿ ಕಲಕಿ. ಐದು ನಿಮಿಷದಲ್ಲಿ ಅದು ಲೋಳೆಗಟ್ಟುತ್ತದೆ. ಒಣ ಹಿಟ್ಟಿಗೆ ನೇರ ಹಾಕಿದರೆ ಗಂಟು ಗಂಟಾಗುತ್ತದೆ. ಉಳಿದದ್ದನ್ನೆಲ್ಲ ಸೇರಿಸಿ ಐದು ನಿಮಿಷ ಕಲಸಿ. ಗೋಧಿ ಹಿಟ್ಟಿನಷ್ಟು ಗಟ್ಟಿ ಇರುವುದಿಲ್ಲ, ಮೆತ್ತಗೆ ಜಿಗುಟಾಗಿರುತ್ತದೆ, ಹೆದರಿ ಹಿಟ್ಟು ಸೇರಿಸಬೇಡಿ. ಎಣ್ಣೆ ಸವರಿದ ಟಿನ್ನಿಗೆ ತುಂಬಿ, ಒದ್ದೆ ಕೈಯಲ್ಲಿ ಮೇಲ್ಮೈ ಸವರಿ, ಬೆಚ್ಚಗಿನ ಜಾಗದಲ್ಲಿ 40ರಿಂದ 60 ನಿಮಿಷ ಬಿಡಿ. ಇದ್ದುದರ ಒಂದೂವರೆ ಪಟ್ಟಾದಾಗ ಓವನ್ನಿಗೆ ಹೋಗಬೇಕು. ಎರಡು ಪಟ್ಟಾಗಲಿ ಎಂದು ಕಾದರೆ ಗೋಡೆಗಳು ತೆಳುವಾಗಿ, ಬೇಯುವಾಗ ನಡುಭಾಗ ಕುಸಿಯುತ್ತದೆ. ಕುಸಿದ ಬ್ರೆಡ್ಡುಗಳ ದೂರಿನಲ್ಲಿ ಬಹುಪಾಲು ಇದೇ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 55ರಿಂದ 65 ನಿಮಿಷ. ಥರ್ಮಾಮೀಟರ್ ಇದ್ದರೆ ಒಳಗಿನ ಬಿಸಿ 97 ಡಿಗ್ರಿ ಮುಟ್ಟಬೇಕು. ಟಿನ್ನಿನಿಂದ ತೆಗೆದು ಜಾಲರಿಯ ಮೇಲಿಟ್ಟು ಕನಿಷ್ಠ ಎರಡು ಗಂಟೆ ಆರಲಿ. ಬಿಸಿಯಲ್ಲಿ ಕೊಯ್ದರೆ ಪಿಷ್ಟ ಇನ್ನೂ ಹೆಪ್ಪುಗಟ್ಟಿರುವುದಿಲ್ಲ, ಒಳಗೆ ಅಂಟಂಟು. ಬೆಂದಿಲ್ಲವೆಂದು ತಪ್ಪು ತಿಳಿಯುತ್ತೀರಿ. ಕೆಲವು ಇಸಬ್‌ಗೋಲ್ ಬೆಂದಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಏನೂ ತೊಂದರೆಯಿಲ್ಲ. ಆರಿದ ಕೂಡಲೇ ಹೋಳು ಮಾಡಿ ಫ್ರೀಜರಿಗೆ ಹಾಕಿ, ಬೇಕಾದಷ್ಟೇ ತೆಗೆದು ಕಾಯಿಸಿ. ಫ್ರಿಜ್ಜಿನ ಕೆಳಭಾಗದಲ್ಲಿ ಇಡಬೇಡಿ. ಪಿಷ್ಟ ಬೇಗ ಬಿರುಸಾಗುವುದು ಆ ತಂಪಿನಲ್ಲೇ.

ಲೇಬಲ್ ಓದುವುದು ಕಲಿತರೆ ಇನ್ನಷ್ಟು ಉಳಿಯುತ್ತದೆ, ಏಕೆಂದರೆ ಸಾಮಾನ್ಯ ಪೊಟ್ಟಣಗಳಲ್ಲೂ ಮಗಳಿಗೆ ಆಗುವಂಥವು ಹಲವಿವೆ. ಗೋಧಿ, ಮೈದಾ, ರವೆ, ಗೋಧಿ ನುಚ್ಚು, ಸ್ಪೆಲ್ಟ್, ಡ್ಯೂರಮ್ ಇವೆಲ್ಲ ಗೋಧಿಯೇ. ಬಾರ್ಲಿ, ರೈ ಕೂಡ ನಿಷಿದ್ಧ. ಹಾಗಾಗಿ 'ವೀಟ್ ಫ್ರೀ' ಎಂದಿದ್ದ ಮಾತ್ರಕ್ಕೆ ಸಾಲದು. ಹೆಚ್ಚು ಜನ ಸಿಕ್ಕಿಬೀಳುವುದು ಮಾಲ್ಟ್ ಎಂಬ ಒಂದು ಪದದಲ್ಲಿ. ಬಾರ್ಲಿಯನ್ನು ಮೊಳೆಸಿ ಮಾಡುವುದದು. ಕಾರ್ನ್‌ಫ್ಲೇಕ್ಸ್, ಚಾಕೊಲೇಟ್, ಮಕ್ಕಳ ಪೌಷ್ಟಿಕ ಪೇಯದ ಪುಡಿಗಳಲ್ಲಿ ರುಚಿಗೆಂದು ಸೇರಿರುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್‌ಗೂ ಇದಕ್ಕೂ ನಂಟಿಲ್ಲ, ಅದು ಆಗುತ್ತದೆ. ಸಾಂಪ್ರದಾಯಿಕ ಸೋಯಾ ಸಾಸನ್ನು ಗೋಧಿ ಹಾಕಿ ಹುದುಗಿಸುತ್ತಾರೆ. ಪುಡಿ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುವುದು ಸಾಮಾನ್ಯ. ಅಕ್ಕಿ ಹಿಟ್ಟು ಬೆರೆಸಿದ್ದೆಂದು ಬರೆದದ್ದು ಸಿಕ್ಕರೆ ಅದು, ಇಲ್ಲದಿದ್ದರೆ ಇಂಗೇ ಬೇಡ. ಸೂಪ್ ಕ್ಯೂಬ್, ಸಾಸೇಜ್, ಗ್ರೇವಿ ಪುಡಿ, ಮಸಾಲೆ ಪುಡಿಗಳ ಪಟ್ಟಿ ಓದದೆ ತರಬೇಡಿ. ಮಸಾಲೆಯನ್ನು ಇಡಿಯಾಗಿ ತಂದು ಪುಡಿ ಮಾಡಿಕೊಳ್ಳುವುದು ಇನ್ನೂ ಸರಳ. ಔಷಧಿ ಕೊಳ್ಳುವಾಗಲೂ ಗೋಧಿ ಪಿಷ್ಟವಿದೆಯೇ ಎಂದು ಔಷಧಿ ಅಂಗಡಿಯವರನ್ನು ಒಮ್ಮೆ ಕೇಳಿ.

ಪಾತ್ರೆ ಬದಲಿಸುವ ಪ್ರಶ್ನೆಗೆ ಚಿಕ್ಕ ಉತ್ತರ: ಬಹುಪಾಲು ಬೇಕಾಗಿಲ್ಲ. ಸ್ಟೀಲು, ಗಾಜು, ಗೀರಿಲ್ಲದ ಪಿಂಗಾಣಿಯನ್ನು ಸೋಪು ಹಾಕಿ ಉಜ್ಜಿ ತೊಳೆದರೆ ಗ್ಲುಟೆನ್ ಹೋಗುತ್ತದೆ. ಶಾಖಕ್ಕೆ ಮಾತ್ರ ಅದು ಹೋಗುವುದಿಲ್ಲ. ಕುದಿಸಿದರೆ, ಕಾಯಿಸಿದರೆ ಶುದ್ಧವಾಯಿತೆಂದುಕೊಳ್ಳಬೇಡಿ. ಗೋಧಿ ತಿಂಡಿ ಕರಿದ ಎಣ್ಣೆಯಲ್ಲಿ ಮಗಳಿಗೆ ಕರಿಯಬೇಡಿ, ಗೋಧಿ ಪಾಸ್ತಾ ಬೆಂದ ನೀರನ್ನು ಮತ್ತೆ ಬಳಸಬೇಡಿ. ಹೊಸದಾಗಿ ಕೊಳ್ಳಬೇಕಾದವು ಇಷ್ಟೇ: ಹಿಟ್ಟಿನ ಜರಡಿ, ಸೋರುಬುಟ್ಟಿ, ಮರದ ಮಣೆ ಮತ್ತು ಲಟ್ಟಣಿಗೆ, ಮರದ ಸೌಟು. ತೂತು, ಬಿರುಕು, ಗೀರುಗಳಲ್ಲಿ ಹಿಟ್ಟು ಕೂರುವ ವಸ್ತುಗಳಿವು. ಟೋಸ್ಟರ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. 2020ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಹಂಚಿಕೊಂಡ ಟೋಸ್ಟರಿನ ಬ್ರೆಡ್ಡು 20 ಮಿಲಿಗ್ರಾಂ ಮಿತಿ ದಾಟಲಿಲ್ಲ, ದಾಟಿದ್ದು ಗೋಧಿ ಪಾಸ್ತಾದ ನೀರಿನಲ್ಲೇ ಬೇಯಿಸಿದ ಗ್ಲುಟೆನ್ ರಹಿತ ಪಾಸ್ತಾ. ಹಾಗಾಗಿ ಹೊಸ ಟೋಸ್ಟರನ್ನು ಮುಂದಕ್ಕೆ ಹಾಕಬಹುದು, ಅಲ್ಲಿಯವರೆಗೆ ಅವಳ ಬ್ರೆಡ್ಡನ್ನು ಶುದ್ಧ ಬಾಣಲೆಯಲ್ಲಿ ಕಾಯಿಸಿ. ಬೆಣ್ಣೆ, ಜಾಮ್ ಡಬ್ಬಿಗೆ ಗೋಧಿ ಬ್ರೆಡ್ಡಿನ ಚೂರು ಬಿದ್ದ ಚಮಚ ಇಳಿಯದಿರಲಿ; ಅವಳಿಗೆ ಬೇರೆ ಡಬ್ಬಿ ಇಟ್ಟುಬಿಡಿ.

ಮನೆಮಂದಿಯೆಲ್ಲ ಗೋಧಿ ಬಿಡಬೇಕಿಲ್ಲ, ಆದರೆ ಸಡಿಲ ಗೋಧಿ ಹಿಟ್ಟು ಮನೆಯೊಳಗೆ ಇರದಿದ್ದರೆ ಒಳ್ಳೆಯದು. ಹಿಟ್ಟು ಹಾರಿ ಗಂಟೆಗಟ್ಟಲೆ ಗಾಳಿಯಲ್ಲಿ ಉಳಿದು, ತೆರೆದಿಟ್ಟ ಪಾತ್ರೆಗಳ ಮೇಲೆ ಕೂರುತ್ತದೆ. ಉಳಿದವರಿಗೆ ಕಟ್ಟಿದ ಬ್ರೆಡ್ಡು ತನ್ನಿ. ಮುಖ್ಯ ಊಟ ಎಲ್ಲರಿಗೂ ಒಂದೇ ಆಗಿ, ಅದರಲ್ಲಿ ಗ್ಲುಟೆನ್ ಇರದಂತೆ ನೋಡಿಕೊಳ್ಳುವುದು ಎರಡು ಅಡುಗೆ ಮಾಡುವುದಕ್ಕಿಂತ ಅಗ್ಗ. ಮಗು ಒಬ್ಬಳೇ ಬೇರೆ ತಟ್ಟೆ ಹಿಡಿದು ಕೂರುವುದೂ ತಪ್ಪುತ್ತದೆ.

ಬಾದಾಮಿ ಹಾಲನ್ನು ನಿಲ್ಲಿಸಬಹುದು ಎಂದೇ ನನ್ನ ಅಭಿಪ್ರಾಯ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಕರುಳಿನ ಒಳಗೋಡೆಯ ಬೆರಳಿನಂಥ ಎಳೆಗಳ ತುದಿಯಲ್ಲಿ ಹುಟ್ಟುತ್ತದೆ, ಸೀಲಿಯಾಕ್‌ನಲ್ಲಿ ಮೊದಲು ಸವೆಯುವುದು ಆ ತುದಿಗಳೇ. ಗ್ಲುಟೆನ್ ನಿಂತು ಕರುಳು ಮಾಗಿದಂತೆ ಕೆಲವು ತಿಂಗಳಲ್ಲಿ ಕಿಣ್ವ ಮರಳುವುದು ಸಾಮಾನ್ಯ. ಅಲ್ಲಿಯವರೆಗೆ ಮೊಸರು, ಹಳತಾದ ಗಟ್ಟಿ ಚೀಸ್ ಕೊಟ್ಟು ನೋಡಿ. ಮೊಸರಿನ ಸೂಕ್ಷ್ಮಜೀವಿಗಳು ಲ್ಯಾಕ್ಟೋಸಿನ ಒಂದು ಪಾಲನ್ನು ತಾವೇ ಒಡೆದಿರುತ್ತವೆ. ಹಾಲನ್ನು ಅರ್ಧ ಲೋಟದಷ್ಟು, ಊಟದ ಜೊತೆ ಕೊಟ್ಟರೆ ಬಹಳ ಮಕ್ಕಳಿಗೆ ಒಗ್ಗುತ್ತದೆ. ಬಾದಾಮಿ ಹಾಲಿನ 100 ಮಿಲಿಯಲ್ಲಿ ಪ್ರೋಟೀನ್ ಅರ್ಧ ಗ್ರಾಂ ಆಸುಪಾಸು, ಹಸುವಿನ ಹಾಲಿನಲ್ಲಿ 3 ಗ್ರಾಂಗಿಂತ ಹೆಚ್ಚು. ಬೆಳೆಯುವ ಮಗುವಿಗೆ ಅದು ಬರೀ ನೀರಿನ ಲೆಕ್ಕ. ಸಸ್ಯದ ಹಾಲೇ ಬೇಕಾದರೆ ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಕೊಡಿ, ಸುರಿಯುವ ಮುನ್ನ ಅಲ್ಲಾಡಿಸಿ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ. ಹಾಲು ಕುಡಿದ ಕೂಡಲೇ ಮೈಮೇಲೆ ದದ್ದು, ತುಟಿ ಊತ, ವಾಂತಿ ಆಗುತ್ತಿದ್ದರೆ ಮಾತ್ರ ಇದ್ಯಾವುದೂ ಅನ್ವಯಿಸದು. ಅದು ಅಲರ್ಜಿ, ವೈದ್ಯರು ನೋಡಬೇಕು.

ಅಗ್ಗವೆಂದು ಮೂರು ಹೊತ್ತೂ ಅಕ್ಕಿಗೇ ಜೋತುಬೀಳಬೇಡಿ. ಭತ್ತ ನೀರು ನಿಂತ ಗದ್ದೆಯಿಂದ ಆರ್ಸೆನಿಕ್ ಹೀರಿಕೊಳ್ಳುತ್ತದೆ. ಗ್ಲುಟೆನ್ ಬಿಟ್ಟವರ ದೇಹದಲ್ಲಿ ಅದರ ಪ್ರಮಾಣ ಹೆಚ್ಚಿರುವುದು ಕಂಡಿದೆ. ಒಂದಕ್ಕೆ ಆರು ಪಾಲು ನೀರಿಟ್ಟು ಬೇಯಿಸಿ ಬಸಿದರೆ ಅರ್ಧದಷ್ಟು ಇಳಿಯಬಹುದು. ದಿನಕ್ಕೆ ಒಂದು ಹೊತ್ತು ಜೋಳವೋ ರಾಗಿಯೋ ನವಣೆಯೋ ಬಂದರೆ ನಾರು, ಕಬ್ಬಿಣ ಎರಡೂ ಸಿಗುತ್ತವೆ. ಕಾಳನ್ನು 8ರಿಂದ 12 ಗಂಟೆ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ಗಾಳಿ ತುಂಬಿಸುವ ಸಕ್ಕರೆಗಳು ಅದರಲ್ಲಿ ಒಂದಿಷ್ಟು ಹೋಗುತ್ತವೆ. ರಾಜ್ಮಾದಂಥ ಕೆಂಪು ಕಾಳಿಗೆ ಕನಿಷ್ಠ 10 ನಿಮಿಷ ಕೊತಕೊತ ಕುದಿ ಬೇಕೇಬೇಕು, ಇಲ್ಲವಾದರೆ ಅದರಲ್ಲಿರುವ ವಿಷದಿಂದ ವಾಂತಿಯಾಗುತ್ತದೆ, ನೀವು ಸುಮ್ಮನೆ ಗ್ಲುಟೆನ್ ಮೇಲೆ ಅನುಮಾನಪಡುತ್ತೀರಿ. ಊಟದ ಜೊತೆ ನಿಂಬೆಯೋ ಸೀಬೆಯೋ ಇದ್ದರೆ ಧಾನ್ಯದ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ.

ಇಷ್ಟೆಲ್ಲ ಉಳಿತಾಯ ಮಗಳ ಕರುಳಿಗೆ ಹೊರೆಯಾಗುತ್ತಿಲ್ಲವೇ ಎಂಬುದನ್ನು ತಿಳಿಯಲು ಟಿಟಿಜಿ ಪರೀಕ್ಷೆಯನ್ನು 6 ತಿಂಗಳಾದಾಗ ಒಮ್ಮೆ, 12 ತಿಂಗಳಾದಾಗ ಒಮ್ಮೆ ಮಾಡಿಸಿ, ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ವಿಟಮಿನ್ ಡಿ, ಬಿ12. ಅಂಕಿ ಸಹಜಕ್ಕೆ ಬರಲು ಒಂದೆರಡು ವರ್ಷ ಹಿಡಿದರೂ, ಪ್ರತಿ ಸಲವೂ ಇಳಿಯುತ್ತಿರಬೇಕು. ಇಳಿಯದೆ ನಿಂತರೆ ಹುಡುಕುವ ಸರದಿ ಹೀಗಿರಲಿ: ಮೊದಲು ಹಿಟ್ಟು ಎಲ್ಲಿ ಬೀಸಿದ್ದು, ಆಮೇಲೆ ಮಾಲ್ಟ್ ಇರುವ ಪೇಯ, ಇಂಗು, ಮಸಾಲೆ ಪುಡಿ, ಆಮೇಲೆ ಶಾಲೆಯಲ್ಲಿ ಗೆಳತಿಯರ ಡಬ್ಬಿ. ಕೊನೆಯದನ್ನು ಬೈಯದೆ ಕೇಳಿ. ಬೈದರೆ ಆ ಉತ್ತರ ನಿಮಗೆ ಸಿಗುವುದಿಲ್ಲ.